ಮನೆ ಸುತ್ತಲಿನ ಹಳೆಯ ಮರಗಳು: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹಳೆಯ ಹಂಚಿನ ಮನೆಗಳ ಸುತ್ತ ಹಲಸು, ಕಾಟುಮಾವು, ಹುಣಸೆ, ಹೆಬ್ಬಲಸು, ರಂಜೆ ಮರಗಳು ಈಗಲೂ ಉಂಟು. ಮಳೆಗಾಲ ಹತ್ತಿರ ಬಂತೆಂದರೆ ಅವುಗಳ ಬಗ್ಗೆ ಫೋನು, ಪತ್ರ, ಮದುವೆಮನೆಯ ಮಾತು ಶುರುವಾಗುತ್ತದೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಹೆಚ್ಚಿನವರು ಮೇಲೆ ನೋಡುತ್ತಾ ಕೇಳುತ್ತಾರೆ. ನಮ್ಮ ಹಳೆಯ ಮರಗಳ ತೊಂದರೆ ಬಹುಪಾಲು ಕೆಳಗೆ, ನಾವು ಅಂಗಳದಲ್ಲಿ ಮಾಡಿದ ಕೆಲಸದಿಂದ ಶುರುವಾಗಿರುತ್ತದೆ.

## ಮೊದಲು ತಿಳಿದಿರಬೇಕಾದ್ದು

ಅಜ್ಜ ನೆಟ್ಟ ಹಲಸಿನ ಮರ. ಪ್ರಾಯ ಆಯಿತಲ್ಲ, ಇನ್ನು ನಿಂತೀತಾ?

ಪ್ರಾಯ ಆದ ಮಾತ್ರಕ್ಕೆ ಮರ ಬೀಳುವುದಿಲ್ಲ. ಬೇರು ಕಡಿದುಹೋಗಿದ್ದರೆ, ಬುಡ ಕೊಳೆತಿದ್ದರೆ, ಕವಲು ಸೀಳಿದ್ದರೆ ಇಪ್ಪತ್ತು ವರ್ಷದ ಮರವೂ ಬೀಳುತ್ತದೆ.

ವರ್ಷಕ್ಕೆ ಎರಡು ಸಲ, ಮಳೆಗೆ ಮೊದಲು ಮತ್ತು ಮಳೆ ಬಿಟ್ಟ ಮೇಲೆ, ಮರದ ಸುತ್ತ ನಿಧಾನವಾಗಿ ಒಂದು ಸುತ್ತು ಬನ್ನಿ. ಬುಡದ ಕಸ ಸರಿಸಿ. ಅಲ್ಲಿ ಗಟ್ಟಿಯಾದ, ಮರದಂಥದೇ ಅಣಬೆ ಕಾಣಿಸಿದರೆ ಒಳಗೆ ಕೊಳೆತ ಉಂಟೆಂದು ತಿಳಿಯಿರಿ. ಮರದ ಸುತ್ತಿಗೆಯಿಂದ ಕಾಂಡವನ್ನು ಬುಡದಿಂದ ಎದೆಯೆತ್ತರದವರೆಗೆ ಬಡಿಯುತ್ತಾ ಹೋಗಿ. ಗಟ್ಟಿ ಮರದ ಸದ್ದು ಚಿಕ್ಕದಾಗಿ ಅಲ್ಲೇ ನಿಲ್ಲುತ್ತದೆ, ಪೊಳ್ಳಾದಲ್ಲಿ ಸದ್ದು ಅಗಲವಾಗಿ ಒಳಗೆ ಸುತ್ತಿ ಬರುತ್ತದೆ. ಎರಡು ಮೂರು ಮರ ಬಡಿದು ನೋಡಿದರೆ ಕಿವಿಗೇ ಗೊತ್ತಾಗುತ್ತದೆ.

ಬಾಗಿದ ಮರ ಎಲ್ಲವೂ ಅಪಾಯವಲ್ಲ. ಬೆಳಕು ಹುಡುಕಿಕೊಂಡು ಎಳವೆಯಲ್ಲೇ ಬಾಗಿದ ಮರ, ತುದಿಯನ್ನು ಮತ್ತೆ ಮೇಲಕ್ಕೆ ಎತ್ತಿಕೊಂಡಿರುತ್ತದೆ. ಹೆದರಬೇಕಾದದ್ದು ಹೊಸದಾಗಿ ವಾಲಿದ ಮರಕ್ಕೆ. ಅದು ವಾಲಿದ ಕಡೆಗೆ ಎದುರಿನ ಬದಿಯಲ್ಲಿ ಮಣ್ಣು ಉಬ್ಬಿರುತ್ತದೆ, ಇಲ್ಲವೇ ಕೈಬೆರಳು ಹೋಗುವಷ್ಟು ಬಿರುಕು ಬಿಟ್ಟಿರುತ್ತದೆ. ಒಂದು ಜೋರು ಮಳೆ ಕಳೆದ ಮರುದಿನ ಹೀಗೆ ಕಂಡರೆ ಆ ಬದಿಯ ಕೋಣೆಯಲ್ಲಿ ಅಂದು ಮಲಗಬೇಡಿ.

ತಾಯಿಬೇರು ಆಳಕ್ಕೆ ಇಳಿದಿರುತ್ತದಲ್ಲ? ಬದಿಬೇರು ನಾಲ್ಕು ಕಡಿದರೆ ಏನಾಗುತ್ತದೆ?

ಬಲಿತ ಮರದಲ್ಲಿ ತಾಯಿಬೇರಿನ ಪಾತ್ರ ನಾವು ತಿಳಿದಷ್ಟು ದೊಡ್ಡದಲ್ಲ. ನೀರು, ಆಹಾರ ಎಳೆಯುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ 60 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತವೆ. ಅಗಲದಲ್ಲಿ ಗೆಲ್ಲಿನ (ಕೊಂಬೆಯ) ತುದಿಯನ್ನೂ ದಾಟಿ ಎಷ್ಟೋ ದೂರ ಹೋಗುತ್ತವೆ. ಊಟದ ತಟ್ಟೆಯ ನಡುವೆ ಲೋಟ ಇಟ್ಟರೆ ಹೇಗೋ, ಮರ ಮತ್ತು ಬೇರು ಹಾಗೆ. ನಮ್ಮಲ್ಲಿ ಮೇಲುಮಣ್ಣಿನ ಕೆಳಗೆ ಮುರಕಲ್ಲು (ಜಂಬಿಟ್ಟಿಗೆ) ಸಿಗುವುದರಿಂದ ಬೇರು ಅದರ ಬಿರುಕು ಸಿಕ್ಕಿದಲ್ಲಿ ಮಾತ್ರ ಇಳಿಯುತ್ತದೆ, ಉಳಿದದ್ದು ಕಲ್ಲಿನ ಮೇಲೇ ಹರಡಿಕೊಳ್ಳುತ್ತದೆ.

ಪೈಪಿಗಾಗಿ, ಪಾಗಾರಕ್ಕಾಗಿ ಒಂದು ಬದಿಯ ಬೇರು ಪೂರ್ತಿ ಕಡಿದರೆ ಮರ ಕೂಡಲೇ ಏನೂ ತೋರಿಸಲಿಕ್ಕಿಲ್ಲ. ಎರಡು ಮೂರು ವರ್ಷ ಕಳೆದು ತುದಿಯ ಗೆಲ್ಲು ಒಣಗುತ್ತಾ ಬರುತ್ತದೆ. ಆಗ ಯಾರಿಗೂ ಪೈಪಿನ ಕೆಲಸ ನೆನಪಿರುವುದಿಲ್ಲ, “ಮರಕ್ಕೆ ಏನೋ ರೋಗ” ಎನ್ನುತ್ತಾರೆ. ಹೊಂಡ ತೋಡಲೇಬೇಕಾದರೆ ಕೈಯಲ್ಲಿ ತೋಡಿಸಿ, ಕೈಗಾತ್ರದ ಬೇರು ಸಿಕ್ಕಿದರೆ ಅದರ ಅಡಿಯಿಂದ ಪೈಪು ದಾಟಿಸಿ.

ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವ ಅಂತ ಮಕ್ಕಳ ಹಠ. ಮರದ ಬುಡದಲ್ಲಿ ಎಷ್ಟು ಜಾಗ ಬಿಟ್ಟರೆ ಸಾಕು?

ಒಂದಡಿ ಉರುಟು ಬಿಟ್ಟು ಸುತ್ತ ಕಟ್ಟೆ ಕಟ್ಟಿ ಬಣ್ಣ ಬಳಿಯುವುದು ಈಗಿನ ರೂಢಿ. ಆ ಒಂದಡಿಯಲ್ಲಿ ಇರುವುದು ಮರವನ್ನು ಹಿಡಿದು ನಿಲ್ಲಿಸುವ ದಪ್ಪ ಬೇರು ಮಾತ್ರ. ಉಣ್ಣುವ, ಉಸಿರಾಡುವ ಬೇರೆಲ್ಲ ಹೊರಗೆ, ಇಂಟರ್‌ಲಾಕಿನ ಅಡಿಯಲ್ಲಿ. ಹಾಸುವ ಮೊದಲು ರೋಲರ್ ಹೊಡೆದು ಮಣ್ಣು ಗಟ್ಟಿ ಮಾಡುತ್ತಾರಲ್ಲ, ಇಂಟರ್‌ಲಾಕಿಗಿಂತ ಹೆಚ್ಚಿನ ಹಾನಿ ಅದರಿಂದ.

ನನ್ನನ್ನು ಕೇಳಿದರೆ ಗೆಲ್ಲು ಹರಡಿದಷ್ಟು ಜಾಗವನ್ನು ಮಣ್ಣಾಗಿಯೇ ಬಿಡಿ. ಕಾರು ಬರಲೇಬೇಕಾದರೆ ಚಕ್ರ ಹೋಗುವ ಎರಡು ಪಟ್ಟಿಗೆ ಮಾತ್ರ ಮುರಕಲ್ಲು ಹಾಸಿ, ನಡುವೆ ಸಿಮೆಂಟು ತುಂಬಬೇಡಿ. ಅಂಗಳ ಸಮತಟ್ಟು ಮಾಡಲು ಬುಡಕ್ಕೆ ಮಣ್ಣು ತುಂಬುವುದೂ ಅಷ್ಟೇ ಕೆಟ್ಟದ್ದು. ಒಂದು ಗೇಣು ಮಣ್ಣು ಬಿದ್ದರೂ ಹಳೆಯ ಬೇರಿಗೆ ಗಾಳಿ ಸಿಗುವುದಿಲ್ಲ. ಕಾಂಡ ಬುಡದಲ್ಲಿ ಅಗಲವಾಗದೆ ನೆಟ್ಟ ಕಂಬದ ಹಾಗೆ ನೇರ ನೆಲಕ್ಕೆ ಇಳಿದಂತೆ ಕಂಡರೆ ಯಾರೋ ಹಿಂದೆ ಮಣ್ಣು ತುಂಬಿಸಿದ್ದಾರೆಂದು ಅರ್ಥ. ಅದನ್ನು ಕೈಯಿಂದ ಮೆಲ್ಲಗೆ ಬಿಡಿಸಿ, ಬುಡದ ಅಗಲ ಕಾಣುವಂತೆ ಮಾಡಿ.

ಹಳೆ ಮರಕ್ಕೂ ನೀರು, ಗೊಬ್ಬರ ಕೊಡಬೇಕಾ? ತೆಂಗಿಗೆ ಹಾಕುವ ಉಪ್ಪು ಮಾವಿಗೂ ಆಗುತ್ತದಾ?

ಬೇರು ಕೆಡದ ಮರಕ್ಕೆ ಬೇಡ. ಬೇರಿಗೆ ಪೆಟ್ಟು ಬಿದ್ದ ಮರಕ್ಕೆ ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ವಾರಕ್ಕೊಮ್ಮೆ, ಗೆಲ್ಲಿನ ತುದಿಯ ಕೆಳಗೆ, ಮಣ್ಣಿನೊಳಗೆ ಇಳಿಯುವಷ್ಟು ನೀರು ಕೊಡಿ. ಗೊಬ್ಬರಕ್ಕೆ ಅದರದೇ ತರಗೆಲೆ ಸಾಕು, ದಿನವೂ ಗುಡಿಸಿ ಬೆಂಕಿ ಕೊಡುವ ಅಭ್ಯಾಸ ಬಿಡಬೇಕು. ತರಗೆಲೆ ಕಾಂಡಕ್ಕೆ ತಾಗಿ ಕೂರದಿರಲಿ. ತೆಂಗು ಉಪ್ಪು ತಡೆದುಕೊಳ್ಳುತ್ತದೆ, ಮಾವು ತಡೆಯುವುದಿಲ್ಲ.

ಮರದ ತುಂಬಾ ಸೀತೆದಂಡೆ, ಜರಿಗಿಡ, ಪಾಚಿ. ಅದೆಲ್ಲ ಮರದ ರಸ ಹೀರುವುದಲ್ಲವಾ?

ಇಲ್ಲ. ಅವು ಕೂರಲು ಜಾಗ ಕೇಳುತ್ತವೆ, ಅಷ್ಟೆ. ಕಾಳುಮೆಣಸಿನ ಬಳ್ಳಿಯೂ ಹಾಗೆಯೇ. ಆದರೆ ಬುಡ ಕಾಣದಷ್ಟು ಬಳ್ಳಿ ಮುತ್ತಿದ್ದರೆ ವರ್ಷಕ್ಕೊಮ್ಮೆ ಸರಿಸಿ ಕಾಂಡ ನೋಡಿ.

ರಸ ಹೀರುವುದು ಬಂದಳಿಕೆ. ಅದು ಮಾವು, ಗೇರು, ಹಲಸಿನ ಗೆಲ್ಲಿಗೇ ಬೇರು ತೂರಿಸಿ ಬೆಳೆಯುತ್ತದೆ. ಹಣ್ಣು ತಿಂದ ಹೂಕುಟುಕ ಹಕ್ಕಿಗಳು ಅಂಟು ಬೀಜವನ್ನು ಇನ್ನೊಂದು ಗೆಲ್ಲಿಗೆ ಉಜ್ಜಿ ಹೋಗುತ್ತವೆ. ಬಂದಳಿಕೆಯ ಎಲೆ ಸವರಿದರೆ ಮತ್ತೆ ಚಿಗುರುತ್ತದೆ. ಅದು ಹಿಡಿದ ಗಂಟಿನಿಂದ ಒಂದಡಿ ಕೆಳಗೆ ಗೆಲ್ಲನ್ನೇ ಕಡಿಯಬೇಕು, ಹಣ್ಣಾಗುವ ಮೊದಲೇ. ಕವಲಿನ ಸಂದಿಯಲ್ಲಿ ಗೋಳಿ ಅಥವಾ ಅಶ್ವತ್ಥದ ಸಸಿ ಕಂಡರೆ ಇನ್ನೂ ಎಳೆಯದಾಗಿರುವಾಗಲೇ ಬೇರು ಸಮೇತ ತೆಗೆಯಿರಿ.

## ಗೆಲ್ಲು ಕಡಿಯುವ ಕೆಲಸ

ಯಾವ ತಿಂಗಳಲ್ಲಿ ಕಡಿಸುವುದು ಒಳ್ಳೆಯದು?

ಒಣಗಿದ ಗೆಲ್ಲಿಗೆ ಕಾಲವಿಲ್ಲ, ಕಂಡಾಗ ತೆಗೆಸಿ. ಹಸಿ ಗೆಲ್ಲನ್ನು ಜೂನ್, ಜುಲೈ, ಆಗಸ್ಟ್‌ನಲ್ಲಿ ಮುಟ್ಟಬೇಡಿ. ಗಾಯ ಒಣಗುವುದಿಲ್ಲ, ಗೆಲ್ಲನ್ನು ಒಣಗಿಸುವ ಗುಲಾಬಿ ಶಿಲೀಂಧ್ರದಂಥ ರೋಗಗಳಿಗೆ ಅದೇ ಹಂಗಾಮು. ಮನೆಯ ಮೇಲೆ ಭಾರ ಕಡಿಮೆ ಮಾಡುವ ಕೆಲಸ ಏನಿದ್ದರೂ ಪತ್ತನಾಜೆಗೆ ಮೊದಲು ಮುಗಿಸಿ. ಮೇ 24ರ ಸುಮಾರಿಗೆ ಬರುವ ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಅಲ್ಲಿಂದ ಮುಂದೆ ಮರ ಏರುವವರು ಸಿಗುವುದೂ ಕಷ್ಟ. ಅವಸರವಿಲ್ಲದ ಕೆಲಸಕ್ಕೆ ಮಳೆ ಪೂರ್ತಿ ಬಿಟ್ಟ ನವೆಂಬರ್ ಒಳ್ಳೆಯದು, ಮಾವಿನ ಒಂದು ವರ್ಷದ ಹೂವು ಸ್ವಲ್ಪ ಕಡಿಮೆಯಾದೀತು.

ಮನೆಗಿಂತ ಎತ್ತರ ಹೋಗಿದೆ. ತಲೆ ಕಡಿಸಿ ಬೋಳು ಮಾಡಿದರೆ ನೆಮ್ಮದಿಯಲ್ಲವಾ?

ಎರಡು ವರ್ಷದ ನೆಮ್ಮದಿ. ತಲೆ ಕಡಿದ ಮರ ಹೊಟ್ಟೆಗಿಲ್ಲದೆ ಒಮ್ಮೆಲೇ ಹತ್ತಾರು ಚಿಗುರು ಬಿಡುತ್ತದೆ. ಆ ಚಿಗುರು ಕಾಂಡದ ಒಳಗಿನಿಂದ ಬಂದ ಗೆಲ್ಲಲ್ಲ, ಹೊರಗೆ ಮೆತ್ತಿಕೊಂಡದ್ದು. ಕೆಳಗೆ ಕಡಿದ ಮೊಂಡು ಕೊಳೆಯುತ್ತಾ ಇರುತ್ತದೆ, ಮೇಲೆ ಚಿಗುರು ತೊಡೆಗಾತ್ರ ಆಗುತ್ತಾ ಇರುತ್ತದೆ. ಅದು ಕಿತ್ತು ಬೀಳುವುದು ಹಂಚಿನ ಮೇಲೇ. ಮೊದಲಿದ್ದ ಮರಕ್ಕಿಂತ ಹೆಚ್ಚು ಅಪಾಯದ ಮರವನ್ನು ನಾವೇ ದುಡ್ಡು ಕೊಟ್ಟು ಮಾಡಿಸಿಕೊಂಡ ಹಾಗಾಯಿತು.

ಮನೆಯ ಮಾಡಿನ (ಛಾವಣಿಯ) ಮೇಲೆ ಚಾಚಿದ ಗೆಲ್ಲನ್ನು ಮಾತ್ರ, ಅದು ಹುಟ್ಟಿದ ಜಾಗದವರೆಗೆ ಅಥವಾ ಅದರ ಮೂರನೇ ಒಂದಂಶವಾದರೂ ದಪ್ಪ ಇರುವ ಇನ್ನೊಂದು ಕವಲಿನವರೆಗೆ ತೆಗೆಸಿ. ಹಳೆಯ ಮರದ ಎಲೆಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಒಂದೇ ವರ್ಷ ತೆಗೆಯಬಾರದು. ಇನ್ನೂ ಕಡಿಮೆ ತೆಗೆದರೆ ಇನ್ನೂ ಒಳ್ಳೆಯದು.

ಗೆಲ್ಲು ಕಡಿಯುವಾಗ ಕಾಂಡದ ಸಿಪ್ಪೆಯೂ ಸುಲಿದು ಬರುತ್ತದೆ. ಸರಿಯಾದ ಕ್ರಮ ಯಾವುದು? ಮೇಲೆ ಏನು ಹಚ್ಚುವುದು?

ಮೂರು ಕೊಯ್ತ ಬೇಕು. ಕಾಂಡದಿಂದ ಒಂದೂವರೆ ಅಡಿ ಹೊರಗೆ, ಗೆಲ್ಲಿನ ಅಡಿಯಿಂದ ಮೂರನೇ ಒಂದು ಭಾಗ ಕೊಯ್ಯಿರಿ. ಅದಕ್ಕಿಂತ ಎರಡು ಬೆರಳು ಆಚೆ ಮೇಲಿನಿಂದ ಕೊಯ್ಯಿರಿ. ಭಾರ ಕಳಚಿ ಬೀಳುತ್ತದೆ, ಸಿಪ್ಪೆ ಸುಲಿಯುವುದಿಲ್ಲ. ಉಳಿದ ಮೊಂಡನ್ನು ಕೊನೆಗೆ ತೆಗೆಯಿರಿ.

ಆ ಕೊನೆಯ ಕೊಯ್ತವೇ ಮುಖ್ಯ. ಗೆಲ್ಲು ಕಾಂಡಕ್ಕೆ ಸೇರುವಲ್ಲಿ ಸಿಪ್ಪೆ ಸುಕ್ಕುಗಟ್ಟಿ ಉಬ್ಬಿದ ಒಂದು ಉರುಟು ಇರುತ್ತದೆ. ಹಲಸಿನಲ್ಲಿ ಅದನ್ನು ಕೈಯಲ್ಲಿ ಮುಟ್ಟಿಯೇ ಗುರುತಿಸಬಹುದು. ಗಾಯವನ್ನು ಮುಚ್ಚುವ ಅಂಗಾಂಶ ಅಲ್ಲಿಂದಲೇ ಹೊರಡುವುದು. ಕೊಯ್ತ ಅದರ ಹೊರಗೆ ನಿಲ್ಲಬೇಕು. ಕಾಂಡಕ್ಕೆ ನುಣ್ಣಗೆ ಸಮ ಮಾಡಿದರೆ ನೋಡಲು ಚಂದ, ಮರಕ್ಕೆ ಕೇಡು. ಅಡ್ಡಗೇಣು ಮೊಂಡು ಬಿಟ್ಟರೆ ಅದು ಕೊಳೆತು ಒಳಗೆ ದಾರಿ ಮಾಡುತ್ತದೆ.

ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ. ಕೆಟ್ಟ ಭಾಗದ ಸುತ್ತ ಮರ ಒಳಗೇ ಗೋಡೆ ಎಬ್ಬಿಸಿ ಅದನ್ನು ಬೇರ್ಪಡಿಸುತ್ತದೆ. 1970ರ ದಶಕದಲ್ಲಿ ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ಇದನ್ನು ತೋರಿಸಿಕೊಟ್ಟರು. ಟಾರು, ಪೈಂಟು ಆ ಗೋಡೆಗೆ ಸಹಾಯ ಮಾಡುವುದಿಲ್ಲ, ಅಡಿಯಲ್ಲಿ ತೇವ ಹಿಡಿದಿಡುತ್ತವೆ. ನಮ್ಮ ಮಳೆಗೆ ಏನಾದರೂ ಹಚ್ಚಲೇಬೇಕು ಎನಿಸಿದರೆ ಬೋರ್ಡೋ ಮುಲಾಮು ಹಚ್ಚಿ. ಅಡಿಕೆಗೆ ಮದ್ದು ಬಿಡುವ ಮನೆಯಲ್ಲಿ ಮೈಲುತುತ್ತು, ಸುಣ್ಣ ಹೇಗೂ ಇರುತ್ತದೆ. 100 ಗ್ರಾಂ ಮೈಲುತುತ್ತು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ ಕರಗಿಸಿ ಪ್ಲಾಸ್ಟಿಕ್ ಬಾಲ್ದಿಯಲ್ಲಿ ಕೂಡಿಸಿ.

## ಪೊಳ್ಳು, ಹುಳ, ರೋಗ

ಕಾಂಡದಲ್ಲಿ ದೊಡ್ಡ ಪೊಟರೆ ಉಂಟು. ಸಿಮೆಂಟು ತುಂಬಿಸಿದರೆ ಗಟ್ಟಿಯಾಗುತ್ತದಾ?

ಆಗುವುದಿಲ್ಲ. ಗಾಳಿಗೆ ಮರ ಬಳುಕುತ್ತದೆ, ಸಿಮೆಂಟು ಬಳುಕುವುದಿಲ್ಲ. ಒಳಗೆ ಉಜ್ಜಿ ಉಜ್ಜಿ ಹೊಸ ಗಾಯವಾಗುತ್ತದೆ. ನಾಳೆ ಮರ ಕಡಿಯಬೇಕಾದಾಗ ಮೆಷಿನ್ ಗರಗಸಕ್ಕೆ ಸಿಕ್ಕಿ ಕಡಿಯುವವನ ಜೀವಕ್ಕೆ ಅಪಾಯ. ನೀರು ಹೋಗಲೆಂದು ತೂತು ಕೊರೆಯುವುದೂ ಬೇಡ, ಮರ ಕಟ್ಟಿಕೊಂಡ ಒಳಗೋಡೆ ಒಡೆಯುತ್ತದೆ.

ಪೊಟರೆ ಇದ್ದರೂ ಸುತ್ತಲಿನ ಗಟ್ಟಿ ಮರ ಸಾಕಷ್ಟು ದಪ್ಪ ಇದ್ದರೆ ಮರ ನಿಲ್ಲುತ್ತದೆ. ಕಾಂಡದ ನಡುವಿನಿಂದ ಹೊರಗಿನವರೆಗೆ 30 ಸೆಂಟಿಮೀಟರ್ ಇದ್ದರೆ ಗಟ್ಟಿ ಭಾಗ 10 ಸೆಂಟಿಮೀಟರಾದರೂ ಇರಬೇಕೆಂಬುದು ಅಂದಾಜಿನ ಲೆಕ್ಕ. ಒಂದು ಬದಿ ತೆರೆದ ಪೊಟರೆಗೆ ಇಷ್ಟು ಸಾಲದು. ಪೊಟರೆಗಳಲ್ಲೇ ಮಂಗಟ್ಟೆ, ಹಾಲಕ್ಕಿ, ಗಿಳಿ ಮರಿ ಮಾಡುವುದು ಎಂಬುದೂ ನೆನಪಿರಲಿ.

ಕಾಂಡದ ಮೇಲೆ ಗೆದ್ದಲಿನ ಮಣ್ಣು, ಬುಡದಲ್ಲಿ ಮರದ ಹುಡಿ. ಎರಡೂ ಒಂದೇನಾ?

ಎರಡೂ ಬೇರೆ. ಗೆದ್ದಲು ಹೆಚ್ಚಾಗಿ ಸತ್ತ ಸಿಪ್ಪೆಯನ್ನು ತಿನ್ನುತ್ತದೆ, ಪೊರಕೆಯಿಂದ ಗುಡಿಸಿದರೆ ಸಾಕು. ಹುಡಿ ಬೀಳುವುದು ಕಾಂಡಕೊರಕ ಹುಳದಿಂದ, ಮಾವಿಗೂ ಹಲಸಿಗೂ ಅದು ದೊಡ್ಡ ಶತ್ರು. ಉದ್ದ ಮೀಸೆಯ ದುಂಬಿ ಸಿಪ್ಪೆಯಲ್ಲಿ ಮೊಟ್ಟೆ ಇಡುತ್ತದೆ, ಬೆರಳುದ್ದದ ಬಿಳಿ ಹುಳ ಒಳಗೆ ಸುರಂಗ ತೋಡುತ್ತದೆ. ಹುಡಿ ಹೊಸದೋ ಹಳೆಯದೋ ನೋಡಿ. ಹೊಸದು ತೇವವಾಗಿ, ಬಿಳಿ ಅಥವಾ ಹಳದಿಯಾಗಿ, ಹಸಿ ಮರದ ವಾಸನೆ ಬರುತ್ತದೆ. ತೂತು ಹುಡುಕಿ ತುದಿ ಬಗ್ಗಿಸಿದ ಸರಿಗೆ ತೂರಿಸಿ ಹುಳವನ್ನು ಎಳೆದು ತೆಗೆಯಿರಿ, ಜೇಡಿಮಣ್ಣಿನಿಂದ ತೂತು ಮುಚ್ಚಿ. ವಾರ ಬಿಟ್ಟು ಹೊಸ ಹುಡಿ ಬಿದ್ದಿದ್ದರೆ ಮತ್ತೊಮ್ಮೆ.

ಒಮ್ಮೆ ಒಳ್ಳೆ ಸ್ಟ್ರಾಂಗ್ ಮದ್ದು ಹೊಡೆದುಬಿಟ್ಟರೆ ಎಲ್ಲ ಸರಿಯಾಗುವುದಿಲ್ಲವಾ?

ಎಣ್ಮಕಜೆ, ಪಡ್ರೆಯ ಕಡೆಯ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ತಡೆದದ್ದು 2011ರಲ್ಲಿ. ಆ ವಿಷದಿಂದಾದ ನೋವು ಮನೆಮನೆಗಳಲ್ಲಿ ಇನ್ನೂ ಉಂಟು. ಮನೆ, ಬಾವಿ, ಮಕ್ಕಳು ಇರುವ ಜಾಗದಲ್ಲಿ ಅಷ್ಟೆತ್ತರದ ಮರಕ್ಕೆ ಹೊಡೆದ ವಿಷ ಮರದಲ್ಲಿ ನಿಲ್ಲುವುದಕ್ಕಿಂತ ಹೆಚ್ಚು ಕೆಳಗೆ ಬೀಳುತ್ತದೆ. ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ ಮಾವು, ಗೇರಿನ ಎಷ್ಟೋ ಕೀಟಗಳನ್ನು ತಿಂದು ಮುಗಿಸುತ್ತದೆ. ಕಚ್ಚುತ್ತದೆ ಎಂದು ಅದಕ್ಕೆ ವಿಷ ಹೊಡೆಯಬೇಡಿ.

ಮನೆ ಪಕ್ಕದ ತೆಂಗಿನ ಕಾಂಡದಿಂದ ಕೆಂಪು ರಸ ಇಳಿಯುತ್ತಾ ಉಂಟು.

ಕಾಂಡದ ರಸ ಸೋರುವ ರೋಗ ಇರಬೇಕು. ಕೆಟ್ಟ ಭಾಗವನ್ನು ಕೆತ್ತಿ ತೆಗೆದು ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಪೇಸ್ಟ್ ಹಚ್ಚಿ, ಬುಡಕ್ಕೆ ವರ್ಷಕ್ಕೆ 5 ಕಿಲೋ ಬೇವಿನ ಹಿಂಡಿ ಹಾಕಿ. ಬುಡದಲ್ಲೇ ರಸ ಇಳಿದು ಅಣಬೆಯೂ ಎದ್ದಿದ್ದರೆ ಅದು ಬೇರೆ, ಗಂಭೀರ ರೋಗ. ಫೋಟೋ ತೆಗೆದು ಕೂಡ್ಲಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೆ (ಸಿಪಿಸಿಆರ್‌ಐ) ಹೋಗಿ. 1916ರಿಂದ ತೆಂಗಿನ ಸಂಶೋಧನೆ ನಡೆದ ಜಾಗ ನಮ್ಮ ಕೈಗೆಟಕುವಲ್ಲಿದೆ.

## ದರೆ, ಸುರಂಗ, ವಿದ್ಯುತ್ ತಂತಿ

ಹಿತ್ತಿಲಿನ ಗುಡ್ಡದ ದರೆ ತೆಗೆಸಿ ಜಾಗ ಅಗಲ ಮಾಡಿದೆವು. ಮೇಲಿರುವ ಮಾವಿನ ಮರಕ್ಕೆ ಏನೂ ಆಗಿಲ್ಲವಲ್ಲ?

ಈಗ ಆಗಿಲ್ಲ. ಹಿಟಾಚಿ ನೆಟ್ಟಗೆ ಕೊರೆದು ಹೋದ ದರೆಯ ಅಂಚಿನಲ್ಲಿ ನಿಂತ ಮರಕ್ಕೆ ಒಂದು ಬದಿಯ ಬೇರೇ ಇಲ್ಲ. ಮಳೆನೀರು ಆ ಅಂಚಿನಲ್ಲೇ ಇಳಿಯುತ್ತದೆ, ಮುರಕಲ್ಲಿನ ಕೆಳಗಿನ ಜೇಡಿ ಮೆತ್ತಗಾಗುತ್ತದೆ, ಮರ ಮತ್ತು ದರೆ ಒಟ್ಟಿಗೆ ಮನೆಯ ಹಿಂಗೋಡೆಗೆ ಬರುತ್ತವೆ. ಕಡಿದುಹೋದ ಬೇರಿನ ತುದಿಯಿಂದ ಕೊಳೆತ ಬುಡದವರೆಗೆ ಬರಲು ವರ್ಷಗಳು ಬೇಕು, ಹಾಗಾಗಿ ಮೊದಲ ಮಳೆಗಾಲ ದಾಟಿತೆಂದು ಧೈರ್ಯ ಮಾಡಬಾರದು.

ದರೆಯ ಮೇಲೆ ನೀರು ಬಾರದಂತೆ ಮರಕ್ಕಿಂತ ಹಿಂದಿನಿಂದಲೇ ಚರಂಡಿ ತಿರುಗಿಸಿ. ಆಳ ತೋಡಬೇಡಿ, ಉಳಿದ ಬೇರೂ ಹೋದೀತು. ದರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡಿಸಿ. ಮರ ಅಂಚಿಗೆ ಒಂದೆರಡು ಮೀಟರಿನೊಳಗೆ ಇದ್ದರೆ, ಕೆಳಗೆ ಮನುಷ್ಯರು ಮಲಗುವ ಕೋಣೆ ಇದ್ದರೆ, ಆ ಮರವನ್ನು ಇಳಿಸುವುದೇ ಸರಿ. ಮರ ಉಳಿಸಿ ಎಂದು ಇಷ್ಟು ಹೇಳಿದ ಮೇಲೂ ಇದನ್ನು ಹೇಳಲೇಬೇಕು.

ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ಒಳಗೆ ಬೇರು ಇಳಿದಿದೆ. ಮೇಲಿನ ಮರ ಕಡಿಯಬೇಕಾ?

ಬೇರು ಇಳಿದ ಮಾತ್ರಕ್ಕೆ ಸುರಂಗ ಕುಸಿಯುವುದಿಲ್ಲ. ನೀರಿಗೆ ಅಡ್ಡ ಬರುವ ಸಣ್ಣ ಬೇರನ್ನು ಕತ್ತರಿಸಿ ತೆಗೆಯಿರಿ, ಕೈಗಾತ್ರದ್ದನ್ನು ಬಿಡಿ. ಸತ್ತ ಬೇರು ಕೊಳೆತಲ್ಲಿ ಮುರಕಲ್ಲಿನ ಸಂದು ಸಡಿಲಾಗುತ್ತದೆ, ಆದ್ದರಿಂದ ಮೇಲಿನ ಮರ ಕಡಿದರೆ ಆಮೇಲಿನ ವರ್ಷಗಳಲ್ಲಿ ಹೆಚ್ಚು ಜಾಗ್ರತೆ ಬೇಕು. ಗೋಡೆಯಿಂದ ಮಣ್ಣು ಉದುರುತ್ತಿದ್ದರೆ ಸುರಂಗ ತೋಡುವವರನ್ನೇ ಕರೆಸಿ, ನೀವು ಒಬ್ಬರೇ ಒಳಗೆ ಹೋಗಬೇಡಿ.

ಗೆಲ್ಲು ಕರೆಂಟಿನ ತಂತಿಗೆ ತಾಗುತ್ತದೆ. ನಾವೇ ಸವರಬಹುದಾ?

ಬೇಡವೇ ಬೇಡ. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ 1912ಕ್ಕೆ ಫೋನ್ ಮಾಡಿ, ಲೈನ್ ಆಫ್ ಮಾಡಿಸಿಯೇ ಕೆಲಸ. ಮಾವಿನಕಾಯಿ ಕೊಯ್ಯಲು ಈಗ ಮನೆಮನೆಯಲ್ಲಿ ಅಲ್ಯೂಮಿನಿಯಂ ದೋಟಿ ಬಂದಿದೆ. ಹಗುರ, ಉದ್ದ, ತಂತಿಗೆ ತಾಗಿದರೆ ಹಿಡಿದವರು ಉಳಿಯುವುದಿಲ್ಲ. ತಂತಿ ಹತ್ತಿರವಿರುವ ಮರಕ್ಕೆ ಅದನ್ನು ಒಯ್ಯಲೇಬೇಡಿ. ಒದ್ದೆ ಬಿದಿರಿನಲ್ಲೂ ಕರೆಂಟು ಹರಿಯುತ್ತದೆ.

## ಕಾನೂನು, ನೆರೆಕರೆ, ನಾಗಬನ

ನಮ್ಮದೇ ಜಾಗದ ಮರ ಕಡಿಯಲು ಅನುಮತಿ ಬೇಕಾ?

ಕೇರಳದ 2005ರ ಮರ ಬೆಳೆಸುವಿಕೆ ಉತ್ತೇಜನ ಕಾಯ್ದೆಯ ಪ್ರಕಾರ ಅರಣ್ಯವಲ್ಲದ ಸ್ವಂತ ಜಾಗದ ಹಲಸು, ಮಾವು, ಹುಣಸೆಗೆ ಸಾಮಾನ್ಯವಾಗಿ ಬೇಡ. ಶ್ರೀಗಂಧಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಸರಕಾರದಿಂದ ಪಟ್ಟಾ ಆಗಿ ಬಂದ ಜಾಗದಲ್ಲಿ ತೇಗ, ಬೀಟೆ, ಕರಿಮರ ಸರಕಾರದ್ದೇ ಆಗಿರಬಹುದು. ಮಿಲ್ಲಿನವರು “ಅದೆಲ್ಲ ನಾವು ನೋಡಿಕೊಳ್ಳುತ್ತೇವೆ” ಎಂದರೂ ದಾಖಲೆ ಹಿಡಿದು ವಿಲೇಜ್ ಆಫೀಸಿನಲ್ಲಿ ಕೇಳಿಯೇ ಮುಂದುವರಿಯಿರಿ. ರಸ್ತೆ ಬದಿಯ ಮರ ನಿಮ್ಮ ಗೇಟಿನೆದುರು ಇದ್ದರೂ ನಿಮ್ಮದಲ್ಲ.

ಆಚೆಮನೆಯವರ ಮರ ನಮ್ಮ ಮಾಡಿನ ಮೇಲೆ ಬಾಗಿದೆ. ಹೇಳಿದರೆ ಕೇಳುವುದಿಲ್ಲ.

ಮೊದಲು ಫೋಟೋ ತೆಗೆದು, ದಿನಾಂಕ ಹಾಕಿ, ಬರಹದಲ್ಲಿ ತಿಳಿಸಿ. ಕೇಳದಿದ್ದರೆ ಪಂಚಾಯತು ಸೆಕ್ರೆಟರಿಗೆ ಅರ್ಜಿ ಕೊಡಿ. ಕೇರಳ ಪಂಚಾಯತ್ ರಾಜ್ ಕಾಯ್ದೆಯ 238ನೇ ಸೆಕ್ಷನ್ ಪ್ರಕಾರ ಅಪಾಯದ ಮರವನ್ನು ಭದ್ರಪಡಿಸಲು, ಗೆಲ್ಲು ಸವರಲು ಅಥವಾ ಕಡಿಯಲು ಪಂಚಾಯತು ಮಾಲೀಕರಿಗೆ ನೋಟೀಸು ಕೊಡಬಹುದು. ಅದಕ್ಕೂ ಬಗ್ಗದಿದ್ದರೆ ಕಂದಾಯ ವಿಭಾಗಾಧಿಕಾರಿಯ (ಆರ್‌ಡಿಒ) ಮುಂದೆ ಹೋಗಬಹುದು, ಬೀಳುವ ಹಾಗಿರುವ ಮರವನ್ನು ತೆಗೆಸುವ ಅಧಿಕಾರ ಅವರಿಗೂ ಉಂಟು. ಇಷ್ಟೆಲ್ಲದಕ್ಕೆ ಮೊದಲು ಖರ್ಚಿನಲ್ಲಿ ಅರ್ಧ ಕೊಡುತ್ತೇನೆಂದು ಹೇಳಿ ನೋಡಿ. ಎಷ್ಟೋ ಕಡೆ ತಕರಾರು ಮರದ್ದಲ್ಲ, ಕೂಲಿಯದ್ದು.

ಪಂಚಾಯತಿನಿಂದ ನೋಟೀಸು ಬಂದಿದೆ, ಎಲ್ಲ ಮಲಯಾಳದಲ್ಲಿ. ಏನು ಮಾಡುವುದು?

ಓದಲು ಬರುವವರಿಂದ ಅಂದೇ ಓದಿಸಿ, ಗಡುವಿನ ದಿನಾಂಕ ಬರೆದಿಡಿ. ಉತ್ತರವನ್ನು ಕನ್ನಡದಲ್ಲೇ ಕೊಡಬಹುದು. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ. ಭಾಷೆ ತಿಳಿಯದೆ ಸುಮ್ಮನಿದ್ದು ಗಡುವು ದಾಟಿದರೆ, ಮರ ಬಿದ್ದ ದಿನ ಹೊಣೆ ನಿಮ್ಮ ತಲೆಗೆ.

ನಾಗಬನದ ಮರದ ಗೆಲ್ಲು ಮನೆ ಮೇಲೆ ಬಂದಿದೆ. ಮುಟ್ಟಲು ಹೆದರಿಕೆ.

ಆ ಹೆದರಿಕೆಯಿಂದಲೇ ನಮ್ಮ ಬನಗಳು ಇಷ್ಟು ಕಾಲ ಉಳಿದವು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕುಟುಂಬದವರನ್ನು ಕೂಡಿಸಿ, ತಂತ್ರಿಗಳನ್ನು ಕೇಳಿ, ಪ್ರಾರ್ಥನೆ ಮಾಡಿ ಒಣಗಿದ ಅಥವಾ ಮನೆಗೆ ತಾಗುವ ಗೆಲ್ಲನ್ನು ಮಾತ್ರ ತೆಗೆಸಿದವರು ಬೇಕಾದಷ್ಟು ಮಂದಿ ಇದ್ದಾರೆ. ನನಗೆ ಹೆಚ್ಚು ಸಂಕಟ ಕೊಡುವುದು ಜೀರ್ಣೋದ್ಧಾರದ ಹೆಸರಿನಲ್ಲಿ ಬನಕ್ಕೆ ಗ್ರಾನೈಟ್ ಹಾಸಿ, ಸುತ್ತ ಕಾಂಕ್ರೀಟು ಗೋಡೆ ಎಬ್ಬಿಸುವುದು. ಗೆಲ್ಲು ಮುಟ್ಟಲು ಹೆದರುವವರು ಬೇರು ಉಸಿರುಗಟ್ಟಿಸಲು ಹೆದರುವುದಿಲ್ಲ. ಕಲ್ಲಿನ ಮುಂದೆ ಪೂಜೆಗೆ ಬೇಕಾದಷ್ಟು ಜಾಗಕ್ಕೆ ಮುರಕಲ್ಲು ಹಾಸಿ, ಉಳಿದದ್ದನ್ನು ತರಗೆಲೆಗೆ ಬಿಡಿ.

ಎಲ್ಲ ನೋಡಿಯಾಯಿತು, ಕಡಿಯಲೇಬೇಕು. ಏನು ಗಮನಿಸಬೇಕು?

ಪೊಟರೆ ಇರುವ ಮರವಾದರೆ ಜನವರಿಯಿಂದ ಮೇವರೆಗೆ ಮಂಗಟ್ಟೆ ಒಳಗೆ ಮರಿಯೊಂದಿಗೆ ಇರಬಹುದು. ಕೆಲವು ದಿನ ಕೆಳಗೆ ನಿಂತು, ಗಂಡುಹಕ್ಕಿ ಹಣ್ಣು ತರುತ್ತದೋ ನೋಡಿ. ತರುತ್ತಿದ್ದರೆ, ಮರ ಅಷ್ಟು ದಿನ ತಡೆದೀತಾದರೆ, ಮರಿ ಹಾರುವವರೆಗೆ ಕಾಯಿರಿ.

ಮನೆ ಪಕ್ಕದ ಮರವನ್ನು ಬುಡದಿಂದ ಒಮ್ಮೆಲೇ ಉರುಳಿಸಲು ಒಪ್ಪಬೇಡಿ, ಮೇಲಿನಿಂದ ತುಂಡು ತುಂಡಾಗಿ ಹಗ್ಗದಲ್ಲಿ ಇಳಿಸಬೇಕು. ಕೂಲಿ ಹೆಚ್ಚು, ಹಂಚು ಉಳಿಯುತ್ತದೆ. ಹಗ್ಗ, ಹೆಲ್ಮೆಟ್ ಇಲ್ಲದೆ ಬಂದವರನ್ನು ಮರ ಹತ್ತಿಸಬೇಡಿ. ಒಳ್ಳೆಯ ಬರಿಕ್ಕೆ (ಗಟ್ಟಿ ತೊಳೆಯ) ಹಲಸೋ ಉಪ್ಪಿನಕಾಯಿ ಮಿಡಿಯ ಕಾಟುಮಾವೋ ಆದರೆ ಕಡಿಯುವ ಮೊದಲೇ ಕುಡಿ ತೆಗೆದು ಕಸಿ ಕಟ್ಟಿಸಿ, ಬೀಜದಿಂದ ಅದೇ ಗುಣ ಬರುವ ಭರವಸೆ ಇಲ್ಲ. ಹೊಸ ಸಸಿಯನ್ನು ಹಳೆಯ ಹೊಂಡದಲ್ಲೇ ನೆಡಬೇಡಿ, ಕೊಳೆಯುವ ಬೇರಿನ ಅಣಬೆ ಅದಕ್ಕೂ ಹತ್ತಬಹುದು. ಮಾಡಿನಿಂದ ಹತ್ತು ಮೀಟರ್ ಆಚೆ, ತಂತಿ ಇಲ್ಲದ ಕಡೆ, ಜೂನ್ ಮೊದಲ ಮಳೆಗೆ ನೆಡಿ.